ತುಂಬೆಯ ಎದುರು ಕೂತು

ಚಿತ್ರ ಬಿಡಿಸಬೇಕಾದರೆ ತುಂಬೆಯನ್ನು ಕೀಳಬಾರದು. ಕಿತ್ತ ಹೂವು ಪೆನ್ಸಿಲ್ ಚೂಪು ಮಾಡಿಕೊಳ್ಳುವಷ್ಟರಲ್ಲಿ ಬಾಡತೊಡಗುತ್ತದೆ. ಅದು ಇರುವಲ್ಲಿಗೇ ಹೋಗಿ, ಗದ್ದೆಯಂಚಿನಲ್ಲಿ ನೆಲಕ್ಕೆ ಕೂರಬೇಕು. ಶಿವನಿಗೆ ಪ್ರಿಯವೆಂದು ಬುಟ್ಟಿ ತುಂಬ ಬಿಡಿಸಿ ತಂದಿದ್ದೇನೆ. ಆದರೆ ಆ ಹೂವಿನ ಮುಖ ನೋಡಿದ್ದು ಚಿತ್ರಕ್ಕೆ ಕೂತಮೇಲೆ.

ಕಾಂಡ ದುಂಡಗಿಲ್ಲ, ಚೌಕ. ಎಲೆಗಳು ಜೋಡಿ ಜೋಡಿ: ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಚಾಚಿದ್ದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕೆ. ಮೇಲಿನವುಗಳ ನೆರಳು ಕೆಳಗಿನವುಗಳ ಮೇಲೆ ಪೂರ್ತಿ ಬೀಳುವುದಿಲ್ಲ. ಗೆಣ್ಣಿನ ಸುತ್ತ ಒತ್ತಾಗಿ ಹಸಿರು ಬಟ್ಟಲುಗಳು, ಅವುಗಳೊಳಗಿಂದ ಇಣುಕುವ ಬಿಳಿ ಹೂವು. ಮೇಲ್ದುಟಿ ಚಿಕ್ಕದು, ನವಿರಾದ ರೋಮದ ಮುಸುಕು. ಕೇಸರಗಳು ಅದರಡಿ ಅಡಗಿವೆ. ಕೆಳದುಟಿ ಅಗಲ, ಜೇನು ಬಂದು ಕೂರುವುದಕ್ಕೆ. ಒಂದು ಕಾಳಿನಷ್ಟು ಜಾಗದಲ್ಲಿ ಇಷ್ಟೆಲ್ಲ! ಇದನ್ನು ಬಿಳಿ ಕಾಗದದ ಮೇಲೆ ತೋರಿಸುವುದು ಹೇಗೆ? ಹೂವನ್ನು ಬರೆಯದೆ ಅದರ ಹಿಂದಿನ ಹಸಿರನ್ನು ಗಾಢ ಮಾಡುತ್ತ ಹೋಗಬೇಕು. ಬಿಳುಪು ತಾನಾಗಿ ಉಳಿಯುತ್ತದೆ. ಅಷ್ಟು ಹೊತ್ತು ಮನಸ್ಸಿನಲ್ಲಿ ಬೇರೊಂದು ಮಾತು ಹುಟ್ಟುವುದಿಲ್ಲ. ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿದಾಗ ನನಗೆ ಸಿಗದ ನಿಲುಗಡೆ ಇಲ್ಲಿ ಕಣ್ಣು ತೆರೆದೇ ಸಿಗುತ್ತದೆ. ನನ್ನ ಪಾಲಿಗೆ ಇದೇ ಪೂಜೆ.

1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸ್ಕಾಟಿಷ್ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಒಬ್ಬ ಮರಾಠಿ ಕಲಾವಿದನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದರು. ಬರೆಸಿದವರಿಗೆ ಅದು ಸಸ್ಯಶಾಸ್ತ್ರ. ಬರೆದವನಿಗೆ? ದಿನವೂ ಒಂದು ಗಿಡದ ಎದುರು ಕೂತವನ ಒಳಗೆ ಏನೂ ಅಲುಗಲಿಲ್ಲವೆಂದರೆ ನಾನು ನಂಬಲಾರೆ.

ಗೌರಿ ಹೂವಿನದು ಬೇರೆಯೇ ಪಾಠ. ಮಳೆಗಾಲದಲ್ಲಿ ಬೇಲಿ ಹತ್ತುವ ಈ ಬಳ್ಳಿಗೆ ಪ್ರತ್ಯೇಕ ಕುಡಿಬಳ್ಳಿ ಇಲ್ಲ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಹೂವು ನೆಲ ನೋಡುತ್ತದೆ, ಆರು ದಳಗಳು ಮಾತ್ರ ಹಿಂದಕ್ಕೆ ಮಡಚಿ ಆಕಾಶಕ್ಕೆ ಏಳುತ್ತವೆ. ಹಸಿರಾಗಿ ಅರಳಿದ್ದು ಹಳದಿಯಾಗಿ, ಕೆಂಪಾಗುತ್ತ ಹೋಗುವುದರಿಂದ ನಿನ್ನೆ ಕಲೆಸಿದ ಬಣ್ಣ ಇವತ್ತಿಗೆ ಒದಗುವುದಿಲ್ಲ. ಗಡ್ಡೆಯಲ್ಲಿ ಕೊಲ್ಲುವಷ್ಟು ವಿಷ. ಆ ವಿಷವೂ ಈ ಚೆಲುವೂ ಒಂದೇ ಬೇರಿನದು ಎಂಬುದನ್ನು ಬಣ್ಣ ಹಚ್ಚುವಾಗ ಮರೆಯಲಾಗುವುದಿಲ್ಲ, ಮರೆಯಬೇಕೆಂದೂ ಅನ್ನಿಸುವುದಿಲ್ಲ. ಶಲಾಕೆಯಂತೂ ಕೇಸರಗಳ ನಡುವೆ ನಿಲ್ಲದೆ ಬುಡದಲ್ಲೇ ಪಕ್ಕಕ್ಕೆ ಹೊರಳಿದೆ. ಆ ಒಂದು ತಿರುವನ್ನು ನೋಡಲು ಮಂಡಿಯೂರಿ, ತಲೆ ತಗ್ಗಿಸಿ, ಹೂವಿಗಿಂತ ಕೆಳಗೆ ಹೋಗಬೇಕು.