ಕೊಟ್ಟಿಗೆಹಾರ ದಾಟಿದ ಮೇಲೆ

ನಿಮ್ಮ ಮನೆಗೂ ವಿದೇಶದಿಂದ ನೆಂಟರು ಬರುತ್ತಿರಬಹುದು. ಬಂದವರು ಚಿಕ್ಕಮಗಳೂರಿನ ಬೆಟ್ಟ ನೋಡಬೇಕೆನ್ನುತ್ತಾರೆ. ಊಟ, ವಾಹನ, ಉಳಿಯುವ ಜಾಗ ಎಲ್ಲವನ್ನೂ ನಾವು ವಿಚಾರಿಸಿಡುತ್ತೇವೆ. ಅವರ ಮೊಬೈಲಿಗೆ ಅಲ್ಲಿ ಇಂಟರ್‌ನೆಟ್ ಸಿಗುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಅಕ್ಕನ ಮಗ ಇಂಗ್ಲೆಂಡಿನಿಂದ ತನ್ನ ಸಹೋದ್ಯೋಗಿಯೊಬ್ಬನನ್ನು ಕರೆತಂದ. ಆ ಅತಿಥಿ ಹೊರಡುವ ಮೊದಲೇ ಇ-ಸಿಮ್ ಕೊಂಡಿದ್ದ. ಇದಕ್ಕೆ ಬೇರೆ ಚಿಪ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಚಿತ್ರಗಳನ್ನು ಅಂದೇ ಮನೆಗೆ ಕಳಿಸಿದ. ಬಾಬಾ ಬುಡನ್‌ಗಿರಿಯಲ್ಲಿ ನಾನು ಕಾಫಿಯ ಕಥೆ ಹೇಳಿದೆ: 17ನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಯಮನ್‌ನ ಮೋಖಾದಿಂದ ಏಳು ಬೀಜ ತಂದರೆಂಬುದು ಇಲ್ಲಿಯ ಪ್ರತೀತಿ. ಅಂದಿನ ಹಜ್ ಯಾತ್ರಿಕರು ತಿಂಗಳುಗಟ್ಟಲೆ ಮನೆಯ ಸುದ್ದಿಯಿಲ್ಲದೆ ಇರುತ್ತಿದ್ದರು ಎಂದಾಗ ಅವನು ನಕ್ಕ.

ಮರುದಿನ ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಂದ ಒಂದು ದಾರಿ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ, ಇನ್ನೊಂದು ಕಳಸಕ್ಕೆ. ಕಳಸದ ದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಫೋನು ಸತ್ತಂತಾಯಿತು. ಅವನ ಮಾತೂ ನಿಂತಿತು. "ಮಾಮಾ, ಇವತ್ತು ಇವನ ತಾಯಿಗೆ ಹೃದಯದ ಆಪರೇಶನ್ ಇದೆಯಂತೆ" ಎಂದು ಅಕ್ಕನ ಮಗ ಮೆಲ್ಲನೆ ಹೇಳಿದ. ನನ್ನ ಹಳೆಯ ಬಿಎಸ್‌ಎನ್‌ಎಲ್ ಫೋನಿನಲ್ಲಿ ಎರಡು ಗೆರೆ ಸಿಗ್ನಲ್ ಇತ್ತು, ಆದರೆ ವಿದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ಹೋಂಸ್ಟೇಯಲ್ಲಿ ವೈಫೈ ಇತ್ತು, ಬೆಳಗಿನಿಂದ ಕರೆಂಟ್ ಇರಲಿಲ್ಲ. ವಿಷಯ ತಿಳಿದ ಮಾಲೀಕರು ಜನರೇಟರ್ ಹಾಕಿಸಿದರು. ವಾಟ್ಸಾಪ್‌ನಲ್ಲಿ ಅವನ ತಂಗಿ ಸಿಕ್ಕಳು. ತಾಯಿಗೆ ಪ್ರಜ್ಞೆ ಬಂದಿತ್ತು. ಅವನು ಜಗಲಿಯಲ್ಲೇ ಕುಳಿತುಬಿಟ್ಟ. ಯಾರೋ ಕಾಫಿ ತಂದಿಟ್ಟರು, ಅದು ಆರಿಹೋಯಿತು.

ಆಮೇಲೆ ವಿಚಾರಿಸಿ ತಿಳಿದುಕೊಂಡದ್ದಿಷ್ಟು. ವಿದೇಶದಲ್ಲಿ ಇ-ಸಿಮ್ ಮಾರುವವನಿಗೆ ನಮ್ಮ ಬೆಟ್ಟದಲ್ಲಿ ಟವರ್ ಇರುವುದಿಲ್ಲ. ಅದು ಇಲ್ಲಿಯ ಯಾವುದಾದರೂ ಕಂಪೆನಿಯ ಟವರನ್ನೇ ನಂಬಿರುತ್ತದೆ. ಆ ಟವರ್ ಕಣಿವೆಗೆ ಮುಟ್ಟದಿದ್ದರೆ ಎಷ್ಟು ಜಿಬಿ ಇದ್ದೂ ಫಲವಿಲ್ಲ. ಆದ್ದರಿಂದ ಕೋಣೆ ಕಾದಿರಿಸುವಾಗಲೇ ಮಾಲೀಕರಲ್ಲಿ ಕೇಳಿ: ಯಾವ ಕಂಪೆನಿಯ ಸಿಗ್ನಲ್ ಬರುತ್ತದೆ, ಕರೆಂಟ್ ಹೋದರೆ ವೈಫೈ ನಡೆಯುತ್ತದೆಯೇ? ಅದೇ ಕಂಪೆನಿಯ ಸಿಮ್ ಬೇಕಾದರೆ ಪಾಸ್‌ಪೋರ್ಟ್, ವೀಸಾ ಹಿಡಿದು ಪೇಟೆಯಲ್ಲೇ ಮಾಡಿಸಬೇಕು. ಅದು ಚಾಲೂ ಆಗಲು ಸಮಯ ಹಿಡಿಯುವುದುಂಟು. ಘಾಟಿ ಹತ್ತುವ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಒಂದೇ ಕಂಪೆನಿಗೆ ಲಾಕ್ ಆದ ಫೋನಿನಲ್ಲಿ ಬೇರೆ ಸಿಮ್ ನಡೆಯದು. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ಎಲ್ಲಕ್ಕಿಂತ ಮೊದಲು, ಉಳಿಯುವ ಮನೆಯ ನಂಬರನ್ನು ಊರಿನಲ್ಲಿರುವವರಿಗೆ ಕೊಡಿಸಿ. ನಮಗಂದು ಅದೇ ಹೊಳೆಯಲಿಲ್ಲ.

ಇನ್ನು ನೀವೇ ಉಮ್ರಾಕ್ಕೆ ಹೊರಟಿದ್ದರೆ, ಅಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟಿನ ಜೊತೆ ಬೆರಳಚ್ಚನ್ನೂ ಕೊಡಬೇಕಾಗುತ್ತದೆ. ಊರಿನ ಸಿಮ್ ತೆಗೆದಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ಅದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿಡಿ.