ಮುಳ್ಳಯ್ಯನಗಿರಿಗೆ ಹೊರಡುವ ಮುನ್ನ

ಆಷಾಢದ ಮೋಡಗಳು ಧಾರವಾಡದ ಕಡೆಯಿಂದ ತೇಲಿಬಂದು ನಮ್ಮ ಬೈರಿದೇವರಕೊಪ್ಪದ ಮೇಲೆ ಜಿಟಿಜಿಟಿ ಮಳೆಗರೆಯುತ್ತಿರುವ ಈ ದಿನಗಳಲ್ಲಿ, ಮುಳ್ಳಯ್ಯನಗಿರಿಯನ್ನು ಕಣ್ತುಂಬ ನೋಡಬೇಕೆಂಬ ಬಹುಕಾಲದ ಅಭಿಲಾಷೆಯು ಮನೆಯವರೆಲ್ಲರಲ್ಲಿಯೂ ಪ್ರಬಲವಾಗಿದೆ. ಸಮುದ್ರಮಟ್ಟದಿಂದ 1,900 ಮೀಟರಿಗೂ ಮಿಗಿಲಾಗಿ ನಿಂತು, ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದ ಆ ಗಿರಿಯು ಮಳೆಗಾಲದಲ್ಲಿ ಬಹುಮಟ್ಟಿಗೆ ಮೇಘಾವೃತವಾಗಿಯೇ ಇರುವುದು. ಅರಬ್ಬೀ ಸಮುದ್ರದಿಂದ ಬೀಸಿಬರುವ ನೈಋತ್ಯ ಮಾರುತವು ಘಟ್ಟಕ್ಕೆ ತಾಗಿ ಮೇಲೇರುತ್ತ, ಏರಿದಂತೆಲ್ಲ ತಣಿಯುತ್ತ, ತನ್ನೊಡಲಿನ ಆವಿಯನ್ನು ಮೋಡವಾಗಿಸಿ ಶಿಖರಕ್ಕೆ ಹೊದಿಸುವುದೇ ಇದಕ್ಕೆ ಕಾರಣ.

ಆದಕಾರಣ ಪ್ರಯಾಣವನ್ನು ಮಾರ್ಗಶಿರಕ್ಕೆ ನಿಶ್ಚಯಿಸಿದ್ದೇವೆ: ಹುಬ್ಬಳ್ಳಿಯಿಂದ ಕಡೂರಿನವರೆಗೆ ರೈಲು, ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸು, ಮರುದಿನ ಬಿಸಿಲು ನೆಲವನ್ನು ಕಾಯಿಸಿ ಮೋಡವನ್ನೆಬ್ಬಿಸುವ ಮೊದಲೇ ಮೆಟ್ಟಿಲೇರಿ ತುದಿಯಲ್ಲಿರುವ ಮುಳ್ಳಪ್ಪಸ್ವಾಮಿಯ ಗದ್ದುಗೆಯ ದರ್ಶನ. ಬುತ್ತಿಗೆ ಕಟಕರೊಟ್ಟಿ, ಶೇಂಗಾಚಟ್ನಿ, ಕೆನೆಮೊಸರು. ಹಿರಿಯರಿಗೆ ಶಾಲು, ಮಕ್ಕಳಿಗೆ ಉಣ್ಣೆಯ ಟೊಪ್ಪಿಗೆ.

ಇಷ್ಟೆಲ್ಲ ಸಿದ್ಧತೆಯ ಬಳಿಕವೂ ಗಿರಿಯು ಕಾಣಿಸದೆ ಹೋಗಬಹುದು. ಆದರೆ ಅದನ್ನು ಮರೆಮಾಡುವ ಮೋಡವೇ ಮಳೆಯಾಗಿ, ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ವೇದಾ, ಅವತಿಯೆಂಬ ಹೊಳೆಗಳಾಗಿ ಹುಟ್ಟಿ, ಮುಂದೆ ಒಂದುಗೂಡಿ ವೇದಾವತಿಯಾಗಿ ಹರಿದು, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ತುಂಬಿ, ಬಯಲುಸೀಮೆಯ ತೋಟಗಳನ್ನು ತಣಿಸುತ್ತಿರುವಾಗ, ಶಿಖರವು ಕಾಣದ ದಿನವನ್ನೂ ವ್ಯರ್ಥವೆನ್ನಲು ನನಗೆ ಮನಸ್ಸೊಪ್ಪದು. ಯಾತ್ರೆಗೆ ಹೊರಡತಕ್ಕವರು ಋತುವನ್ನರಿತು ಹೊರಡಲಿ. ಉಳಿದುದನ್ನು ಗಾಳಿಗೆ ಬಿಡಲಿ.