ಎರಡು ತುದಿಯ ಉತ್ತರ

ಲೆಕ್ಕಕ್ಕೆ ಒಂದೇ ಉತ್ತರ ಎನ್ನುವುದು ಶಾಲೆಯ ಮಾತು. ಆಂಟೆನಾ ವಿನ್ಯಾಸ ಮಾಡುವ ನನ್ನ ಮಗಳ ಲೋಕದಲ್ಲಿ ಉತ್ತರಕ್ಕೆ ಎರಡು ತುದಿ. 100 ಓಮ್‌ನ ರೆಸಿಸ್ಟರ್ ಮೇಲೆ ಚಿನ್ನದ ಬಣ್ಣದ ಪಟ್ಟಿಯಿದ್ದರೆ ಅದು 95ರಿಂದ 105ರೊಳಗೆ ಎಷ್ಟಾದರೂ ಇರಬಹುದು. ಅಂಥ ಎರಡನ್ನು ಸರಣಿಯಲ್ಲಿ ಜೋಡಿಸಿದರೆ 190ರಿಂದ 210. ಇದಕ್ಕೆ ಇಂಟರ್ವಲ್ ಅರಿತ್‌ಮೆಟಿಕ್ ಎನ್ನುತ್ತಾರೆ. ರೇಮನ್ ಮೂರ್ 1966ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು.

ಆಂಟೆನಾದ ಬಿಡಿಭಾಗಗಳಲ್ಲೂ ಇಂಥದೇ ಹೆಚ್ಚುಕಡಿಮೆ. ಬೇಡದ ದಿಕ್ಕಿಗೆ ಅಲೆ ಹೆಚ್ಚೆಂದರೆ ಎಷ್ಟು ಸೋರೀತು ಎಂದು ಕಟ್ಟುವ ಮೊದಲೇ ಈ ಲೆಕ್ಕ ಹೇಳುತ್ತದೆ. ಸ್ವಲ್ಪ ಅಂಜುಬುರುಕ ಲೆಕ್ಕ ನಿಜ. 95–105ರಿಂದ ಅದನ್ನೇ ಕಳೆದರೂ ಸೊನ್ನೆ ಬಾರದು, –10ರಿಂದ 10 ಬರುತ್ತದೆ. ಎರಡೂ ಒಂದೇ ವಸ್ತುವೆಂದು ಅದಕ್ಕೆ ತಿಳಿಯದು. ತಾಯಂದಿರ ಹಾಗೆ ಇಲ್ಲದ ಅಪಾಯವನ್ನೂ ಎಣಿಸಿಕೊಳ್ಳುತ್ತದೆ!

ನಮ್ಮವರಿಗೆ ಶಸ್ತ್ರಚಿಕಿತ್ಸೆಯಾದಾಗ ವೈದ್ಯರು, ಓಡಾಡಲು 6ರಿಂದ 12 ವಾರ ಬೇಕು ಎಂದರು. ಒಂದು ಮಾತು ಖಚಿತವಾಗಿ ಹೇಳಬಾರದೇ ಎಂದು ಅತ್ತೆ ನೊಂದುಕೊಂಡರು. ನನಗೆ ಅದೇ ಖಚಿತ ಮಾತೆನಿಸಿತು. ರಜೆ, ಹಣ ಎರಡನ್ನೂ 12ಕ್ಕೆ ಹೊಂದಿಸಿಕೊಂಡೆ. ಆಸೆಯನ್ನು ಮಾತ್ರ 6ರ ಮೇಲಿಟ್ಟೆ.